ಅವ್ವನ ಟಿಕೆಟ್ಟು, ನಿನ್ನ ಮೊದಲ ಕಾರ್ಡು

ಹಂಗಳ,
ಶ್ರಾವಣದ ಎರಡನೇ ಶನಿವಾರ, ರಾತ್ರಿ

ಪ್ರೀತಿಯ ಪುಟ್ಟು,

ಬೆಳಿಗ್ಗೆ ನಿನ್ನ ಫೋನು ಬಂದಾಗ ನಾನು ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಶ್ರಾವಣ ಶನಿವಾರ, ಜನವೋ ಜನ. ಖಾಸಗಿ ವಾಹನ ಮೇಲಕ್ಕೆ ಬಿಡುವುದಿಲ್ಲವಲ್ಲ, ಬಡವ ಬಲ್ಲಿದ ಎಲ್ಲರೂ ಕೆಎಸ್‌ಆರ್‌ಟಿಸಿ ಬಸ್ಸಿನ ಸಾಲಿನಲ್ಲೇ ನಿಲ್ಲಬೇಕು. ನಿನ್ನ ಮಾತು ಅರ್ಧ ಕೇಳಿಸಿತು, ಅರ್ಧ ಗಾಳಿಗೆ ಹೋಯಿತು. ಕೇಳಿಸಿದ್ದು ಇಷ್ಟು: ಮಾಲ್‌ನಲ್ಲಿ ಒಬ್ಬ ಹುಡುಗ ಎರಡು ಕ್ರೆಡಿಟ್ ಕಾರ್ಡು ತೋರಿಸಿದ್ದಾನೆ. ಒಂದು ಕ್ಯಾಶ್‌ಬ್ಯಾಕಿನದು, ಇನ್ನೊಂದು ಟ್ರಾವೆಲ್‌ನದು. ಸೋಮವಾರ ನೀನು ಉತ್ತರ ಹೇಳಬೇಕು. ಕೊನೆಗೆ ನೀನು ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು: “ದೊಡ್ಡಪ್ಪಾ, ಟ್ರಾವೆಲ್ ಕಾರ್ಡು ತಗೊಂಡ್ರೆ ಪಾಯಿಂಟಲ್ಲೇ ಅವ್ವನ್ನ ವಿಮಾನದಲ್ಲಿ ಕಾಶಿಗೆ ಕರ್ಕೊಂಡು ಹೋಗಬಹುದಂತೆ.”

ಆ ಮಾತು ಬೆಟ್ಟದ ತುದಿಯವರೆಗೂ ನನ್ನ ಜೊತೆ ಬಂತು. ಮೇಲೆ ಮಂಜು ಗುಡಿಯ ಬಾಗಿಲಿಗೇ ಬಂದು ನಿಂತಿತ್ತು. ನಿನ್ನವ್ವ ಪಕ್ಕದಲ್ಲೇ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಳು. ನೀನು ಏನು ಕೇಳಿದೆ ಅಂತ ಅವಳಿಗೆ ಹೇಳಲಿಲ್ಲ. ಐವತ್ತೆಂಟು ವರ್ಷದಲ್ಲಿ ಅವಳು ಹೋಗಿರುವ ದೂರ ಎಂದರೆ ಈ ಕಡೆ ಬೆಂಗಳೂರು, ಆ ಕಡೆ ಊಟಿ. ನಮ್ಮ ಮನೆ ಮುಂದಿನ ರಸ್ತೆಯಲ್ಲಿ ದಿನಬೆಳಗಾದರೆ ಎಲ್ಲೆಲ್ಲಿಯ ಕಾರುಗಳೋ ಬಂಡೀಪುರದ ಹುಲಿ ನೋಡಲು ಹೋಗುತ್ತವೆ. ಅವರ ಊರುಗಳಿಗೆ ನಾವು ಹೋದವರಲ್ಲ. ಅದಕ್ಕೇ ನಿನ್ನ ಆಸೆಯನ್ನು ನಾನು ಸಣ್ಣದು ಎನ್ನುವುದಿಲ್ಲ ಮಗಾ. ಅವಳು ಕಾಶಿಗೆ ಹೋಗಬೇಕು, ವಿಮಾನದಲ್ಲೇ ಹೋಗಬೇಕು. ಅದಕ್ಕೆ ಯಾವ ಕಾರ್ಡು ಎನ್ನುವುದನ್ನು ಮಾತ್ರ ಇಬ್ಬರೂ ಕೂತು ನೋಡೋಣ. ಫೋನಿನಲ್ಲಿ ಆಗುವ ಮಾತಲ್ಲ ಅಂತ ಕಾಗದ ಬರೆಯುತ್ತಿದ್ದೇನೆ.

ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಸಾಲ ಕೇಳಲು ಬಂದವರ ಮಾತಿಗಿಂತ ಅವರ ಪಾಸ್‌ಬುಕ್ಕನ್ನು ಹೆಚ್ಚು ನಂಬುತ್ತಿದ್ದೆ. ಹಾಗೆಯೇ ನಿನ್ನ ಆರು ತಿಂಗಳ ಖರ್ಚು ಕಳಿಸು ಎಂದೆ, ನೀನು ಮಧ್ಯಾಹ್ನವೇ ಕಳಿಸಿದೆ. ಸಂತೋಷ. ಅದನ್ನು ಹಳೇ ಲೆಡ್ಜರಿನ ಹಾಳೆಯಲ್ಲಿ ಇಳಿಸಿಕೊಂಡಿದ್ದೇನೆ. ತಿಂಗಳಿಗೆ ಸರಾಸರಿ 33,000 ರೂಪಾಯಿ. ಅದರಲ್ಲಿ ಪಿಜಿ ಬಾಡಿಗೆ 9,500, ಊರಿಗೆ ಕಳಿಸುವುದು 6,000, ಪೆಟ್ರೋಲು 2,000, ಫೋನು ವೈಫೈ 1,500. ಈ 19,000ಕ್ಕೆ ಆ ಎರಡು ಕಾರ್ಡಿನಿಂದಲೂ ಹೇಳಿಕೊಳ್ಳುವಂಥದ್ದು ಏನೂ ಬರುವುದಿಲ್ಲ. ಮನೆಗೆ ಕಳಿಸುವ ದುಡ್ಡು ಕಾರ್ಡಿನ ಲೆಕ್ಕಕ್ಕೆ ಸೇರುವುದೇ ಇಲ್ಲ. ಬಾಡಿಗೆಗೆ ರಿವಾರ್ಡು ಬಹಳ ಕಡೆ ಇಲ್ಲ. ಪೆಟ್ರೋಲಿಗೆ ಶೇ 1ರ ಸರ್‌ಚಾರ್ಜು ಮನ್ನಾ ಆಗಬಹುದು, ಅಷ್ಟೇ. ಹಾಗಾಗಿ ಉಳಿಯುವುದು 14,000. ಆನ್‌ಲೈನ್ ಸಾಮಾನು, ಬಟ್ಟೆ, ಬಸ್ ಟಿಕೆಟ್ಟು ಸೇರಿ 9,000, ಅಂಗಡಿ ಹೋಟೆಲು 5,000.

ಮಾಲ್‌ನ ಹುಡುಗ ನಿನ್ನ 33,000ವನ್ನು ಹನ್ನೆರಡರಿಂದ ಗುಣಿಸಿ ಆಸೆ ಹುಟ್ಟಿಸಿದ್ದಾನೆ. ನಾವು 14,000ವನ್ನು ಗುಣಿಸೋಣ. ವರ್ಷಕ್ಕೆ 1,68,000.

ನೀನು ಫೋಟೋ ಕಳಿಸಿದ ಕ್ಯಾಶ್‌ಬ್ಯಾಕ್ ಕಾರ್ಡು ಆನ್‌ಲೈನ್ ಖರೀದಿಗೆ ನೂರಕ್ಕೆ 5, ಅಂಗಡಿಗೆ ನೂರಕ್ಕೆ 1 ಕೊಡುತ್ತದೆ. ತಿಂಗಳಿಗೆ 450 ಮತ್ತು 50, ಒಟ್ಟು 500. ವರ್ಷಕ್ಕೆ 6,000. ವಾರ್ಷಿಕ ಶುಲ್ಕ 999, ಅದರ ಮೇಲೆ ಶೇ 18 ಜಿಎಸ್‌ಟಿ, ಸುಮಾರು 1,179 ಕಳೆ. ಕೈಯಲ್ಲಿ ಉಳಿಯುವುದು 4,821. ಟ್ರಾವೆಲ್ ಕಾರ್ಡಿನ ಶುಲ್ಕ 3,000, ಜಿಎಸ್‌ಟಿ ಸೇರಿ 3,540. ನೂರು ರೂಪಾಯಿಗೆ 2 ಪಾಯಿಂಟು, ವರ್ಷಕ್ಕೆ 3,360 ಪಾಯಿಂಟು. ವಿಮಾನ ಕಂಪನಿಯ ಖಾತೆಗೆ ವರ್ಗಾಯಿಸಿ, ಅವರು ಸೀಟು ಕೊಡುವ ದಿನವೇ ಹೊರಟರೆ ಪಾಯಿಂಟಿಗೆ ಒಂದು ರೂಪಾಯಿ ಬೆಲೆ ಸಿಗಬಹುದು. ಅದೇ ಪಾಯಿಂಟನ್ನು ಬಿಲ್ಲಿಗೆ ಹಾಕಿಕೊಂಡರೆ ನಾಲ್ಕಾಣೆ, ಅಂದರೆ 840 ರೂಪಾಯಿ. ಮೊದಲ ವರ್ಷ ಸ್ವಾಗತಕ್ಕೆ 2,500 ಪಾಯಿಂಟು ಕೊಡುತ್ತಾರಂತೆ, ಸರಿ. ಎಲ್ಲವನ್ನೂ ರೂಪಾಯಿಯ ಬೆಲೆಗೇ ಹಿಡಿದರೂ ಮೊದಲ ವರ್ಷ ನಿನಗೆ ಉಳಿಯುವುದು 2,320. ಎರಡನೇ ವರ್ಷ ಸ್ವಾಗತವಿಲ್ಲ, ಶುಲ್ಕವಿದೆ. ಆಗ ನೀನೇ 180 ರೂಪಾಯಿ ಕೈಯಿಂದ ಕೊಟ್ಟಂತಾಯಿತು. ಪಾಯಿಂಟಿನಿಂದ ಪಡೆದ ಟಿಕೆಟ್ಟಿಗೂ ಸಾಮಾನ್ಯವಾಗಿ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಬೇರೆ ಕಟ್ಟಬೇಕು.

ನೋಡಿದೆಯಾ, ಎರಡೂ ಕಾರ್ಡಿನ ಹೊಳಪು ಒಂದೇ. ವ್ಯತ್ಯಾಸ ಇರುವುದು ನೀನು ನಡೆಯುವ ದಾರಿಯಲ್ಲಿ. ನಿನ್ನ ಪ್ರಯಾಣ ಎಂದರೆ ತಿಂಗಳಿಗೊಮ್ಮೆ ಬೆಂಗಳೂರು, ಮೈಸೂರು, ಬೇಗೂರು, ಗುಂಡ್ಲುಪೇಟೆ, ಹಂಗಳ. ಆ ದಾರಿಯಲ್ಲಿ ಲೌಂಜ್ ಇಲ್ಲ. ವರ್ಷಕ್ಕೆ ಎಂಟು ಸಲ ಲೌಂಜ್ ಪುಕ್ಕಟೆ ಎಂದನಂತೆ ಆ ಹುಡುಗ. ಈಗ ಹಲವು ಕಾರ್ಡುಗಳಲ್ಲಿ ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಲೌಂಜಿನ ಬಾಗಿಲು ತೆರೆಯುತ್ತದೆ. ಅಲ್ಲಿ ಒಂದು ಊಟ ಸಿಗಲಿ ಅಂತ ಬೇಡದ್ದನ್ನೆಲ್ಲ ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕ್ಯಾಶ್‌ಬ್ಯಾಕ್ ಕಾರ್ಡಿನಲ್ಲೂ ಇಂಥದ್ದೇ ಒಂದು ಗುಂಡಿ ಇದೆ. ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂದಿದೆ. ನಿನ್ನದು 1,68,000ಕ್ಕೆ ನಿಲ್ಲುತ್ತದೆ. ನಿಲ್ಲಲಿ. 1,179 ಉಳಿಸಲು 32,000 ಹೆಚ್ಚು ಖರ್ಚು ಮಾಡಬೇಡ.

ಈಗ ಹೊಲದ ಮಾತು ಹೇಳುತ್ತೇನೆ, ನಿನಗೆ ಬೇಗ ತಿಳಿಯುತ್ತದೆ.

ಈ ಸಲವೂ ಕೆರೆ ಪಕ್ಕದ ಒಂದೆಕರೆಗೆ ಕಂಪನಿಯ ಚೆಂಡುಹೂ ಹಾಕಿದ್ದೇವೆ. ಬೀಜ ಅವರದು, ಕಿಲೋಗೆ ಇಷ್ಟು ಅಂತ ನಾಟಿಗೆ ಮೊದಲೇ ಬೆಲೆ ಹೇಳಿರುತ್ತಾರೆ. ಹೂವಿನಿಂದ ಬಣ್ಣದ ಸಾರ ತೆಗೆದು ಹೊರದೇಶಕ್ಕೆ ಕಳಿಸುತ್ತಾರೆ, ಕೋಳಿ ಆಹಾರಕ್ಕೂ ಹೋಗುತ್ತದೆ. ಆ ಬೆಲೆ ಯಾವತ್ತೂ ದೊಡ್ಡದಲ್ಲ. ಮಹಡಿ ಕಟ್ಟಿಸುವ ಬೆಲೆಯಲ್ಲ. ಆದರೆ ಮೂಟೆ ತೂಗಿದ ದಿನವೇ ಎಷ್ಟು ಬರುತ್ತದೆ ಎಂದು ನಿನ್ನವ್ವ ಬೆರಳಲ್ಲಿ ಎಣಿಸಿ ಹೇಳುತ್ತಾಳೆ. ದಿಬ್ಬದ ಮೇಲಿನ ಅರ್ಧ ಎಕರೆಯ ಹೂವು ಓಣಂ ಮಾರುಕಟ್ಟೆಗೆ. ಅದರ ಬೆಲೆ ಗಡಿಯಾಚೆಗಿನವರ ಕೈಯಲ್ಲಿ. ಒಂದು ವರ್ಷ ಗುಂಡ್ಲುಪೇಟೆಯ ಹೂವಿನ ಅಂಗಳದಲ್ಲಿ ಕೇರಳದ ವ್ಯಾಪಾರಿಗಳು ನಮ್ಮ ಕೈಯಿಂದ ಚೀಲ ಕಿತ್ತುಕೊಳ್ಳುತ್ತಾರೆ. 2018ರ ಆಗಸ್ಟು ನಿನಗೆ ನೆನಪಿರಬೇಕು, ನೀನಾಗ ಹೈಸ್ಕೂಲು. ಕೇರಳದಲ್ಲಿ ಪ್ರವಾಹ ಬಂದು ಓಣಂ ಸಂಭ್ರಮವೇ ನಿಂತುಹೋಯಿತು. ಅಲ್ಲಿಯವರ ದುಃಖದ ಮುಂದೆ ನಮ್ಮದು ಏನೂ ಅಲ್ಲ, ನಿಜ. ಆದರೂ ಗಿಡದಲ್ಲೇ ಒಣಗಿದ ಹೂವನ್ನು ನೋಡಿ ನಿನ್ನವ್ವ ಮಾತಿಲ್ಲದೆ ಬದುವಿನ ಮೇಲೆ ಕೂತಿದ್ದು ನನ್ನ ಕಣ್ಣಲ್ಲಿದೆ. ನಾಟಿ ಹಾಕುವಾಗ ಯಾರಿಗೆ ಗೊತ್ತಿತ್ತು?

ಪಾಯಿಂಟು ಎನ್ನುವುದು ಓಣಂ ಹೂವು. ಸರಿಯಾದ ದಿನ, ಸರಿಯಾದ ಕೊಳ್ಳುವವನು ಸಿಕ್ಕರೆ ಒಳ್ಳೆಯ ಬೆಲೆ ತರುತ್ತದೆ, ಇದನ್ನು ನಾನು ಒಪ್ಪುತ್ತೇನೆ. ಆದರೆ ಬೆಲೆ ಕಟ್ಟುವವರು ನಾವಲ್ಲ. ಒಂದು ವರ್ಷ ಹತ್ತು ಸಾವಿರ ಪಾಯಿಂಟಿಗೆ ಸಿಗುತ್ತಿದ್ದ ಸೀಟಿಗೆ ಮುಂದಿನ ವರ್ಷ ಹದಿನೈದು ಸಾವಿರ ಕೇಳಿದರೆ ತಕರಾರು ಮಾಡಲು ಜಾಗವಿಲ್ಲ. ಕೂಡಿಟ್ಟ ಪಾಯಿಂಟಿಗೆ ಬಡ್ಡಿ ಬೆಳೆಯುವುದಿಲ್ಲ, ಅವಧಿ ಮುಗಿದರೆ ಬಾಡಿಹೋಗುತ್ತದೆ.

ಇವೆರಡೂ ಹುಟ್ಟಿದ ಬಗೆಯನ್ನು ನೋಡಿದರೂ ಇದೇ ಕಾಣುತ್ತದೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನಲ್ಲಿ ಹೆಚ್ಚು ಹಾರುವವರಿಗೆ ಮೈಲಿ ಲೆಕ್ಕದಲ್ಲಿ ಬಹುಮಾನ ಕೊಡುವ ಯೋಜನೆ ಶುರುಮಾಡಿತು. ಗಿರಾಕಿ ಬೇರೆ ಕಂಪನಿಗೆ ಹೋಗದಂತೆ ಹಿಡಿದಿಡಬೇಕು, ಅದಕ್ಕೆ ಖಾಲಿ ಉಳಿಯಬಹುದಾದ ಸೀಟು ಕೊಟ್ಟರೆ ಅವರಿಗೆ ನಷ್ಟವಿಲ್ಲ. ಮೈಲಿ ಮೂಲತಃ ಅವರ ಖಾಲಿ ಸೀಟಿನ ಚೀಟಿ. ಸೀಟು ಖಾಲಿ ಇಲ್ಲದ ದಿನ ಆ ಚೀಟಿಗೆ ಬೆಲೆ ಕಡಿಮೆ. ಕ್ಯಾಶ್‌ಬ್ಯಾಕನ್ನು ಮನೆಮಾತು ಮಾಡಿದ್ದು 1986ರಲ್ಲಿ ಸಿಯರ್ಸ್ ಎಂಬ ದೊಡ್ಡ ಅಂಗಡಿ ಸಂಸ್ಥೆ ಅಲ್ಲಿ ತಂದ ಡಿಸ್ಕವರ್ ಕಾರ್ಡು. ಅಂಗಡಿಯವರಿಗೆ ಗೊತ್ತು, ಗಿರಾಕಿಗೆ ಚಿಲ್ಲರೆ ಹಿಂದಕ್ಕೆ ಬಂದರೆ ಮನಸ್ಸು ತಣಿಯುತ್ತದೆ ಎಂದು. ನಮ್ಮ ದೇಶದಲ್ಲಿ ಸೆಂಟ್ರಲ್ ಬ್ಯಾಂಕ್ 1980ರಲ್ಲಿ ಕ್ರೆಡಿಟ್ ಕಾರ್ಡು ಕೊಡಲು ಶುರುಮಾಡಿದಾಗ ಈ ಬಹುಮಾನದ ಮಾತು ಯಾವುದೂ ಇರಲಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೂ ನಮ್ಮ ಶಾಖೆಯಲ್ಲಿ ಕಾರ್ಡು ಕಂಡವರು ಮ್ಯಾನೇಜರು ಒಬ್ಬರೇ.

ಬಹುಮಾನದ ದುಡ್ಡು ಎಲ್ಲಿಂದ ಬರುತ್ತದೆ ಎಂದು ನೀನು ಕೇಳಲಿಲ್ಲ, ಕೇಳಬೇಕಿತ್ತು. ನೀನು ಕಾರ್ಡು ಉಜ್ಜಿದಾಗ ಅಂಗಡಿಯವನು ನೂರಕ್ಕೆ ಸುಮಾರು ಒಂದೂವರೆ, ಎರಡು ರೂಪಾಯಿ ಬಿಟ್ಟುಕೊಡುತ್ತಾನೆ. ಅದು ಬ್ಯಾಂಕುಗಳು ಮತ್ತು ಕಾರ್ಡಿನ ಜಾಲದವರ ನಡುವೆ ಹಂಚಿಕೆಯಾಗುತ್ತದೆ. ನಿನಗೆ ನೂರಕ್ಕೆ 5 ಕೊಡಲು ಅದು ಸಾಲುವುದಿಲ್ಲ ಅಲ್ಲವೇ? ಬಾಕಿಯಲ್ಲಿ ಒಂದಷ್ಟನ್ನು ಆನ್‌ಲೈನ್ ಅಂಗಡಿಗಳು ತುಂಬುತ್ತವೆ. ಒಂದಷ್ಟು, ಪಾಯಿಂಟು ಕೂಡಿಸಿ ಮರೆತವರದು. ದೊಡ್ಡ ಪಾಲು, ಬಿಲ್ಲು ಪೂರ್ತಿ ಕಟ್ಟದೆ ಬಡ್ಡಿಗೆ ಬಿದ್ದವರದು.

ಆ ಬಡ್ಡಿಗೆ ಬಿದ್ದವರಲ್ಲಿ ನಾನೂ ಒಬ್ಬನಾಗಿದ್ದೆ.

ನಿನ್ನಪ್ಪನ ಆಪರೇಷನ್ನಿಗೆ ಮೈಸೂರಿನಲ್ಲಿ ರಾತ್ರೋರಾತ್ರಿ ದುಡ್ಡು ಕಟ್ಟಬೇಕಾಯಿತು. ಕಾರ್ಡು ಕೊಟ್ಟೆ. ಅದರಲ್ಲಿ ತಪ್ಪಿಲ್ಲ, ಈಗಲೂ ಹಾಗೇ ಮಾಡುತ್ತೇನೆ. ತಪ್ಪು ಆದದ್ದು ಆಮೇಲೆ. ಬಿಲ್ಲು ಬಂದಾಗ ಅದರಲ್ಲಿ ‘ಕನಿಷ್ಠ ಪಾವತಿ’ ಎಂದು ಒಂದು ಸಣ್ಣ ಅಂಕಿ ಇತ್ತು. ಬ್ಯಾಂಕಿನವನಾದ ನಾನೇ ಆ ಅಂಕಿಗೆ ಆತುಕೊಂಡೆ. ಒಂದು ತಿಂಗಳು, ಎರಡು ತಿಂಗಳು, ಹಾಗೇ ಹದಿನಾಲ್ಕು ತಿಂಗಳು. ಸಾಲ ನಿಂತಲ್ಲೇ ನಿಂತಿತ್ತು. ಕೊನೆಗೆ ನಿಮ್ಮ ದೊಡ್ಡಮ್ಮನ ಎರಡು ಬಳೆ ಮಾರಿ ತೀರಿಸಿದೆ. ನಿನ್ನಪ್ಪನಿಗೆ ಇದು ಕೊನೆಯವರೆಗೂ ತಿಳಿಯಲಿಲ್ಲ. ನಿನಗೆ ಹೇಳುತ್ತಿರುವುದು ಇದೇ ಮೊದಲು.

ಇವತ್ತಿನ ದರದಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ. 40,000 ಬಾಕಿ ಇದೆ ಎಂದುಕೋ. ಕನಿಷ್ಠ ಪಾವತಿ ಶೇ 5 ಎಂದರೆ 2,000. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ 1,400. ಬಡ್ಡಿಯ ಮೇಲೂ ಶೇ 18 ಜಿಎಸ್‌ಟಿ, 252. ನೀನು ಬೆವರು ಸುರಿಸಿ ಕಟ್ಟಿದ 2,000ದಲ್ಲಿ 1,652 ಅಲ್ಲಿಗೇ ಹೋಯಿತು, ಅಸಲಿಗೆ ಸೇರಿದ್ದು 348. ವರ್ಷದ ಲೆಕ್ಕಕ್ಕೆ ಶೇ 42, ತೆರಿಗೆ ಸೇರಿದರೆ ಐವತ್ತರ ಹತ್ತಿರ. ಇನ್ನೊಂದು ಮಾತು, ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಂಡರೆ ಆಮೇಲೆ ಕೊಂಡ ಹೊಸ ಸಾಮಾನಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ. ಅದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡ.

ಆನೆ ಕಂದಕ ತೋಡಿ, ಹಳೇ ರೈಲು ಹಳಿ ನೆಟ್ಟು ಬೇಲಿ ಮಾಡಿದ್ದಾರಲ್ಲ ಕಾಡಂಚಿನಲ್ಲಿ, ಒಂದೇ ಒಂದು ಕಡೆ ಜಾಗ ಬಿಟ್ಟಿದ್ದರೂ ಆನೆ ಅದನ್ನೇ ಹುಡುಕಿಕೊಂಡು ಬರುತ್ತದೆ. ಆರು ತಿಂಗಳ ಬಾಳೆಗೆ ಒಂದು ರಾತ್ರಿ ಸಾಕು. ವರ್ಷವಿಡೀ ಕೂಡಿದ ನಿನ್ನ 4,821 ರೂಪಾಯಿ ಕ್ಯಾಶ್‌ಬ್ಯಾಕಿಗೂ ಅಷ್ಟೇ, ಅಂಥ ಬಾಕಿಯ ಮೂರು ತಿಂಗಳ ಬಡ್ಡಿ ಮತ್ತು ತೆರಿಗೆ ಸಾಕು. ಯಾವ ಕಾರ್ಡು ಎನ್ನುವುದು ಬೆಳೆಯ ಪ್ರಶ್ನೆ. ಪೂರ್ತಿ ಕಟ್ಟುತ್ತೀಯಾ ಎನ್ನುವುದು ಬೇಲಿಯ ಪ್ರಶ್ನೆ. ಬೇಲಿ ಇಲ್ಲದೆ ಇದ್ದರೆ ಎರಡು ಕಾರ್ಡೂ ಬೇಡ, ಈಗಿನಂತೆ ಯುಪಿಐನಲ್ಲೇ ಇರು.

ಹಾಗಾದರೆ ಟ್ರಾವೆಲ್ ಕಾರ್ಡು ಯಾರಿಗೂ ಬೇಡವೇ? ಹಾಗಲ್ಲ. ನಿನ್ನ ಜೊತೆ ಓದಿದ ಮೇಲಿನ ಬೀದಿಯ ಹುಡುಗ ಇದ್ದಾನಲ್ಲ, ಕಂಪನಿ ಕೆಲಸಕ್ಕೆ ವಾರವಾರ ದಿಲ್ಲಿಗೋ ಮುಂಬೈಗೋ ಹಾರುವವನು. ಟಿಕೆಟ್ಟಿಗೆ ಮೊದಲು ತಾನು ಕೊಟ್ಟು ಆಮೇಲೆ ಕಂಪನಿಯಿಂದ ವಸೂಲು ಮಾಡುತ್ತಾನೆ. ಅವನ ಕಾರ್ಡಿನ ಮೇಲೆ ತಿಂಗಳಿಗೆ ಲಕ್ಷ ಓಡಾಡುತ್ತದೆ, ವಿಮಾನ ಹೋಟೆಲಿನ ಖರ್ಚಿಗೆ ಆ ಕಾರ್ಡುಗಳು ಹೆಚ್ಚು ಪಾಯಿಂಟು ಕೊಡುತ್ತವೆ, ಲೌಂಜ್ ಅವನಿಗೆ ನಿಜವಾಗಿಯೂ ಊಟದ ಮನೆ. ಅವನು ನಿನ್ನ ಕ್ಯಾಶ್‌ಬ್ಯಾಕ್ ಕಾರ್ಡು ಇಟ್ಟುಕೊಂಡರೆ ನಷ್ಟವಾಗಬಹುದು. ಹಾಗೆಯೇ ಹೊರದೇಶಕ್ಕೆ ಹೋಗಿಬರುವವರು. ಬಹಳಷ್ಟು ಸಾಮಾನ್ಯ ಕಾರ್ಡುಗಳು ವಿದೇಶಿ ಖರ್ಚಿನ ಮೇಲೆ ಶೇ 3.5 ಹೆಚ್ಚುವರಿ ಹಾಕುತ್ತವೆ, ಜಿಎಸ್‌ಟಿ ಸೇರಿ ಲಕ್ಷಕ್ಕೆ 4,130. ಪ್ರಯಾಣದ ಕಾರ್ಡು ಅದನ್ನು ಶೇ 2ಕ್ಕೆ ಇಳಿಸಿದರೆ 2,360. ಕೆಲವು ಕಾರ್ಡುಗಳು ಅದನ್ನೂ ಹಾಕುವುದಿಲ್ಲ. ಅಲ್ಲಿ ನೂರಕ್ಕೆ 1 ಕ್ಯಾಶ್‌ಬ್ಯಾಕ್ ಹಿಡಿದುಕೊಂಡು ಕೂರುವುದು ಜಾಣತನವಲ್ಲ. ನಿನ್ನನ್ನೂ ನಿನ್ನ ಕಂಪನಿ ಮುಂದೊಂದು ದಿನ ಹೊರಗೆ ಕಳಿಸಬಹುದು, ಕಳಿಸಲಿ ಎಂದೇ ನನ್ನ ಹಾರೈಕೆ. ಅವತ್ತು ಮತ್ತೆ ಆರು ತಿಂಗಳ ಲೆಕ್ಕ ತೆಗೆ, ಕಾರ್ಡು ಬದಲಾಯಿಸು. ಒಮ್ಮೆ ತೆಗೆದುಕೊಂಡ ಕಾರ್ಡಿಗೆ ಜನ್ಮಾಂತರದ ಋಣವೇನಿಲ್ಲ. ಬಾಕಿ ಇಲ್ಲದ ಕಾರ್ಡನ್ನು ಮುಚ್ಚು ಎಂದು ನೀನು ಹೇಳಿದ ಮೇಲೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿನಗೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ಬರೆದಿಟ್ಟಿದೆ.

ಅದೇ ನಿರ್ದೇಶನದಲ್ಲಿ ನಿನಗೆ ಬೇಕಾದ ಇನ್ನೂ ಒಂದೆರಡು ಮಾತಿವೆ. ಬಿಲ್ಲಿನ ತಾರೀಖನ್ನು ಒಮ್ಮೆಯಾದರೂ ಬದಲಾಯಿಸಿಕೊಳ್ಳುವ ಹಕ್ಕು ನಿನಗಿದೆ. ನಿನ್ನ ಸಂಬಳ ಒಂದನೇ ತಾರೀಖು ಬೀಳುತ್ತದೆ, ಕಟ್ಟುವ ಕೊನೆಯ ದಿನ ಐದು ಆರರ ಸುಮಾರಿಗೆ ಬರುವಂತೆ ಮಾಡಿಸಿಕೋ. ಆಮೇಲೆ ಉಳಿತಾಯ ಖಾತೆಯಿಂದ ತಾನಾಗಿಯೇ ಕಟ್ಟಿಹೋಗುವಂತೆ ಹಾಕಿಸು. ಅಲ್ಲಿ ‘ಪೂರ್ತಿ ಮೊತ್ತ’, ‘ಕನಿಷ್ಠ ಮೊತ್ತ’ ಎಂದು ಎರಡು ಮನೆ ಇರುತ್ತವೆ. ನಿನ್ನ ಗುರುತು ಪೂರ್ತಿ ಮೊತ್ತದ ಮನೆಯಲ್ಲೇ ಬಿದ್ದಿದೆಯೇ ಎಂದು ಎರಡು ಸಲ ನೋಡು. ಕೊನೆಯ ದಿನ ದಾಟಿ ಮೂರು ದಿನ ಕಳೆದ ಮೇಲೆಯೇ ವಿಳಂಬ ಶುಲ್ಕ ಹಾಕಬೇಕು ಎಂಬ ನಿಯಮವೂ ಇದೆ. ಆದರೆ ಆ ಮೂರು ದಿನವನ್ನು ನಂಬಿಕೊಂಡು ಕೂರಬೇಡ. 2009ರಿಂದ ರಾತ್ರಿ ಒಂಬತ್ತಕ್ಕೆ ನಮ್ಮ ಕಾಡಿನ ಚೆಕ್‌ಪೋಸ್ಟಿನ ಗೇಟು ಬೀಳುತ್ತಿದೆ. ಊಟಿಯಿಂದ ಬರುವವರು ಎಂಟೂ ಐವತ್ತಕ್ಕೆ ಏದುಸಿರು ಬಿಡುತ್ತಾ ಓಡಿಸುವುದನ್ನು ನೀನೇ ಕಂಡಿದ್ದೀಯ. ನಮ್ಮೂರಿನ ಯಾರಾದರೂ ಹಾಗೆ ಬರುತ್ತಾರೆಯೇ? ಏಳಕ್ಕೇ ಮನೆ ಸೇರಿರುತ್ತೇವೆ.

ನೀನು ರೂಪೇ ಕಾರ್ಡನ್ನೇ ಕೇಳಿದರೆ ಅದನ್ನು ಯುಪಿಐಗೆ ಜೋಡಿಸಬಹುದು, 2022ರಿಂದ ಆ ಸೌಕರ್ಯ ಬಂದಿದೆ. ನಮ್ಮಂಥ ಊರಿಗೆ ಅದು ಒಳ್ಳೆಯದೇ. ಸ್ವೈಪ್ ಯಂತ್ರವಿಲ್ಲದ ದಿನಸಿ ಅಂಗಡಿಯಲ್ಲೂ ನಡೆಯುತ್ತದೆ, ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗೆ ಶುಲ್ಕದ ಹೊರೆಯೂ ಇಲ್ಲ. ಆದರೆ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಮಗನ ಸ್ವಂತ ಖಾತೆಯ ಕ್ಯೂಆರ್ ಹಿಡಿದಿರುತ್ತಾಳೆ, ಅದಕ್ಕೆ ಕಾರ್ಡಿನ ದುಡ್ಡು ಹೋಗುವುದಿಲ್ಲ, ವ್ಯಾಪಾರದ ಕ್ಯೂಆರ್ ಆಗಿರಬೇಕು. ಯುಪಿಐ ಮೂಲಕ ಮಾಡಿದ ಖರ್ಚಿಗೆ ನಿನ್ನ ಕಾರ್ಡು ಬಹುಮಾನ ಕೊಡುತ್ತದೋ ಇಲ್ಲವೋ ಎಂದು ಮೊದಲು ಓದಿಕೋ, ಎಲ್ಲ ಕಾರ್ಡೂ ಕೊಡುವುದಿಲ್ಲ. ನಿಯಮದ ಪುಸ್ತಕದಲ್ಲಿ ‘ಕೊಡುತ್ತೇವೆ’ ಎನ್ನುವ ಪುಟಕ್ಕಿಂತ ‘ಇವುಗಳಿಗೆ ಅನ್ವಯಿಸುವುದಿಲ್ಲ’ ಎನ್ನುವ ಪುಟವನ್ನು ಮೊದಲು ತೆರೆ. ತಿಂಗಳಿಗೆ ಗರಿಷ್ಠ ಇಷ್ಟೇ ಎಂಬ ಮಿತಿಯೂ ಅಲ್ಲೇ ಇರುತ್ತದೆ.

ಕಾರ್ಡು ಬಂದ ಹೊಸತರಲ್ಲಿ “ನಿಮ್ಮ ಪಾಯಿಂಟು ಇವತ್ತೇ ಮುಗಿಯುತ್ತದೆ, ಓಟಿಪಿ ಹೇಳಿ” ಎಂದು ಕರೆ ಬಂದೇ ಬರುತ್ತದೆ. ಕನ್ನಡದಲ್ಲೇ, ಸೊಗಸಾಗಿಯೇ ಮಾತಾಡುತ್ತಾರೆ. ಕತ್ತರಿಸು. ಒಂದು ವೇಳೆ ದುಡ್ಡು ಹೋಯಿತು ಎನ್ನಿಸಿದರೆ ನಾಚಿಕೆ ಪಡುತ್ತಾ ಕೂರದೆ ಆ ಗಳಿಗೆಯಲ್ಲೇ 1930ಕ್ಕೆ ಮತ್ತು ಬ್ಯಾಂಕಿಗೆ ಫೋನು ಮಾಡು.

ಈಗ ಅವ್ವನ ಟಿಕೆಟ್ಟಿಗೆ ಬರೋಣ. ಕಾರ್ಡು ಅವಳನ್ನು ಕಾಶಿಗೆ ಕಳಿಸುವುದಿಲ್ಲ ಮಗಾ. ಲೆಕ್ಕ ಎಷ್ಟು ತಿರುಗಿಸಿದರೂ ಆ ಕ್ಯಾಶ್‌ಬ್ಯಾಕ್ ಕಾರ್ಡು ನಿನಗೆ ಕೊಡುವುದು ಶುಲ್ಕ ಕಳೆದು ತಿಂಗಳಿಗೆ ಸುಮಾರು 400. ಅದೂ ಕೈಗೆ ಬರುವುದಿಲ್ಲ, ಬಿಲ್ಲಿನಲ್ಲಿ ಕಳೆದು ಬರುತ್ತದೆ. ಕಳೆದು ಬಂದದ್ದು ಕಣ್ಣಿಗೆ ಕಾಣದೆ ಇನ್ನೊಂದು ಪಿಜ್ಜಾದಲ್ಲಿ ಕರಗುತ್ತದೆ. ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಶುರುಮಾಡಿದಾಗ ದಿನಕ್ಕೆ ಎರಡಾಣೆ ಇಸಿದುಕೊಳ್ಳಲು ಏಜೆಂಟರನ್ನು ಮನೆಬಾಗಿಲಿಗೇ ಕಳಿಸುತ್ತಿದ್ದದ್ದು ಯಾಕೆ? ಎರಡಾಣೆ ಸಂಜೆಯವರೆಗೆ ಜೇಬಿನಲ್ಲಿದ್ದರೆ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನೀನೂ ಹಾಗೇ ಮಾಡು. ಬಿಲ್ಲಿನಲ್ಲಿ ಕ್ಯಾಶ್‌ಬ್ಯಾಕ್ ಬಿದ್ದ ದಿನವೇ ಅಷ್ಟೇ ಮೊತ್ತವನ್ನು ಬೇರೆ ಖಾತೆಗೆ ಹಾಕು. ಅದರ ಜೊತೆ ನಿನ್ನ ಸಂಬಳದಿಂದ ಒಂದು ಸಾವಿರ. ತಿಂಗಳಿಗೆ 1,400, ಹದಿನೈದು ತಿಂಗಳಿಗೆ 21,000. ಮುಂದಿನ ವರ್ಷದ ಕಾರ್ತಿಕಕ್ಕೆ ಸರಿಯಾಗುತ್ತದೆ. ಮೊದಲೇ ಕಾಯ್ದಿರಿಸಿದರೆ ಇಬ್ಬರ ವಿಮಾನದ ಖರ್ಚಿನ ಬಹುಪಾಲು ಅದರಲ್ಲೇ ಆಗಬಹುದು, ಕಡಿಮೆ ಬಿದ್ದದ್ದು ಕೆರೆ ಪಕ್ಕದ ಚೆಂಡುಹೂವಿನ ದುಡ್ಡಿನಲ್ಲಿ ನನ್ನದು. ಆ ಹೊತ್ತಿಗೆ ಹೂವು ಮುಗಿದಿರುತ್ತದೆ, ಅರಿಶಿನ ಇನ್ನೂ ನೆಲದಲ್ಲಿರುತ್ತದೆ, ನಿನ್ನವ್ವನಿಗೆ ವರ್ಷದಲ್ಲಿ ಬಿಡುವು ಎಂದರೆ ಅದೊಂದೇ. ಬೆಂಗಳೂರಿನವರೆಗೆ ಬರಲು ಅವಳಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಶಕ್ತಿ ಯೋಜನೆಯಿದೆ. ವಿಮಾನ ಬೇಡ, ಭಯ ಎಂದರೆ ಸರ್ಕಾರದ ಸಹಾಯಧನದ ಕಾಶಿ ದರ್ಶನ ರೈಲು 2022ರ ನವೆಂಬರಿನಿಂದ ಶುರುವಾಗಿದೆ, ಆ ದಾರಿ ಇದ್ದೇ ಇದೆ. ಆದರೆ ಅವಳು ಬೇಡ ಎನ್ನುವುದಿಲ್ಲ. ನಿನ್ನೆ ಹೂವು ಬಿಡಿಸುವಾಗ ತಲೆಯ ಮೇಲೆ ಒಂದು ವಿಮಾನ ಹೋಯಿತು. ಸೆರಗನ್ನು ಹಣೆಗೆ ಅಡ್ಡ ಹಿಡಿದು ಅದು ಮೋಡದಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದಳು.

ಅವಳಿಗೆ ಇನ್ನೂ ಏನೂ ಹೇಳಿಲ್ಲ, ನೀನೇ ಬಂದು ಹೇಳು. ಇನ್ನೊಂದು ವಿಷಯ. ಅವಳ ಆಧಾರಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿದೆ. ವಿಮಾನಕ್ಕೆ ಟಿಕೆಟ್ಟಿನ ಹೆಸರು, ಗುರುತಿನ ಚೀಟಿಯ ಹೆಸರು ಒಂದೇ ಇರಬೇಕಲ್ಲ. ಸೋಮವಾರ ಅವಳನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಹೋಗಿ ಅದನ್ನು ಸರಿಮಾಡಿಸುತ್ತೇನೆ. ಯಾಕೆ ಎಂದು ಕೇಳಿದರೆ ಪಿಂಚಣಿಗೆ ಬೇಕು ಎನ್ನುತ್ತೇನೆ.

ನಿನ್ನ
ದೊಡ್ಡಪ್ಪ